‘ಗ್ಯಾಸ್ ಕಮ್ಮಿ’ ಅನ್ನುವ ಮೊದಲು

ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದು ನಿವೃತ್ತನಾದವನು ನಾನು. ಬಂದೂಕು ಹಿಡಿದು ಕಾವಲು ನಿಲ್ಲುವವರನ್ನು ಜನ ನೋಡುತ್ತಾರೆ. ಆ ಬಂದೂಕನ್ನು ಬಿಚ್ಚಿ, ಒರೆಸಿ, ಜೋಡಿಸಿ ಕೊಡುವವರು ಬೆಲ್ ಆಫ್ ಆರ್ಮ್ಸ್‌ನ, ಅಂದರೆ ಬಂದೂಕು ಇಡುವ ಕೋಣೆಯ, ಒಳಗೇ ಇರುತ್ತಾರೆ. ಈಗ ಶ್ರೀರಂಗಪಟ್ಟಣದಲ್ಲಿ ಮನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮನೆಗೆ ಬಂದಾಗ ಕೇಳುವುದು ಹೆಚ್ಚಾಗಿ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಬಗ್ಗೆ. ಮೊಬೈಲಿನಲ್ಲಿ ಹೊರದೇಶದವರು ರೈಫಲ್ಲಿನ ಗ್ಯಾಸ್ ಬ್ಲಾಕ್ ಬದಲಿಸುವುದು, ಹ್ಯಾಂಡ್‌ಗಾರ್ಡ್ ಕಳಚಿ ಉದ್ದನೆಯದು ಹಾಕುವುದು ನೋಡಿರುತ್ತಾರೆ. ‘ನಮ್ಮದಕ್ಕೂ ಹಾಗೆ ಮಾಡಬಹುದಾ ಸರ್?’ ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಮೊದಲು ಖಾಲಿ ಮಾಡು, ಆಮೇಲೆ ದೂರು ಹೇಳು.

ಮ್ಯಾಗಜಿನ್ ತೆಗೆದ ಮಾತ್ರಕ್ಕೆ ರೈಫಲ್ ಖಾಲಿಯಾಗುವುದಿಲ್ಲ, ಛೇಂಬರಿನಲ್ಲಿ ಒಂದು ರೌಂಡ್ ಉಳಿದಿರಬಹುದು. ಮ್ಯಾಗಜಿನ್ ತೆಗೆ, ಕಾಕ್ ಮಾಡು, ಛೇಂಬರ್ ಕಣ್ಣಿಂದ ನೋಡು, ಬೆರಳಿಂದ ಮುಟ್ಟು. ಕೆಟ್ಟಿರುವ ರೈಫಲ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಿಲ್ಲದ್ದನ್ನೇ ತಾನೆ ನೀನು ನನ್ನ ಕೈಗೆ ಕೊಡುತ್ತಿರುವುದು.

2. ಗ್ಯಾಸ್ ಏನು ಮಾಡುತ್ತದೆ ಅನ್ನುವುದು ಕಣ್ಣಿಗೆ ಕಟ್ಟಬೇಕು.

1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್. ಆಮೇಲೆ ಇಶಾಪುರದ ಕಾರ್ಖಾನೆಯಿಂದ 7.62 ಎಂ.ಎಂ.ನ ಎಸ್‌ಎಲ್‌ಆರ್ ಬಂತು, ಬೆಲ್ಜಿಯಮ್ಮಿನ ಎಫ್‌ಎಎಲ್ ರೈಫಲ್ಲಿನ ವಂಶದ್ದು. ಸೇನೆ ಇನ್‌ಸಾಸ್‌ಗೆ ಹೋದ ಮೇಲೂ ಪೊಲೀಸರ ಹೆಗಲ ಮೇಲೆ ಅದು ಉಳಿಯಿತು. ಅದರಲ್ಲಿ ಬೋಲ್ಟ್ ಎಳೆಯುವ ಕೆಲಸವನ್ನು ಗ್ಯಾಸೇ ಮಾಡುತ್ತದೆ. ಗುಂಡು ಬ್ಯಾರಲ್‌ನಲ್ಲಿ ಮುಂದೆ ಓಡುವಾಗ ಅದರ ಹಿಂದಿನ ಗ್ಯಾಸಿನಲ್ಲಿ ಸ್ವಲ್ಪ ಭಾಗ ಬ್ಯಾರಲ್ ಮೇಲಿನ ಸಣ್ಣ ತೂತಿನಿಂದ ಮೇಲಕ್ಕೆ ನುಗ್ಗಿ ಪಿಸ್ಟನ್‌ಗೆ ಗುದ್ದುತ್ತದೆ. ಪಿಸ್ಟನ್ ಬೋಲ್ಟ್ ಕ್ಯಾರಿಯರನ್ನು ಹಿಂದಕ್ಕೆ ತಳ್ಳಿ, ತನ್ನ ಸ್ಪ್ರಿಂಗಿನ ಬಲದಿಂದ ತಾನು ವಾಪಸ್ ಬರುತ್ತದೆ. ಕ್ಯಾರಿಯರ್ ಹಿಂದೆ ಹೋಗುತ್ತ ಬೋಲ್ಟನ್ನು ಬಿಡಿಸಿ, ಖಾಲಿ ಕೇಸನ್ನು ಎಸೆದು, ಮರಳುವಾಗ ಹೊಸ ರೌಂಡನ್ನು ತಳ್ಳಿಕೊಂಡು ಬರುತ್ತದೆ. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಇಷ್ಟೂ ಮುಗಿದಿರುತ್ತದೆ.

ಇದನ್ನು ಹೇಳಿಕೊಡುವಾಗ ಹುಡುಗರನ್ನು ನಮ್ಮೂರ ರೈಲು ನಿಲ್ದಾಣದ ಹತ್ತಿರದ ಟಿಪ್ಪುವಿನ ಶಸ್ತ್ರಾಗಾರಕ್ಕೆ ಕರೆದುಕೊಂಡು ಹೋಗುತ್ತೇನೆ. ಜೋಡಿ ಹಳಿ ಹಾಕುವುದಕ್ಕೆ ಅದು ಅಡ್ಡವಿತ್ತು ಅಂತ 2017ರಲ್ಲಿ ಇಟ್ಟಿಗೆ ಗಾರೆಯ ಆ ಇಡೀ ಕಟ್ಟಡವನ್ನೇ, ಒಡೆಯದೆ, ಎತ್ತಿ ಪಕ್ಕಕ್ಕೆ ಸರಿಸಿದರು. ಅಲ್ಲಿ ನಿಂತು ಮೈಸೂರು ರಾಕೆಟ್ಟಿನ ಮಾತು ತೆಗೆಯುತ್ತೇನೆ. ಯುರೋಪಿನವರ ಅಂದಿನ ರಾಕೆಟ್‌ಗಳಿಗೆ ಕಾಗದದ, ರಟ್ಟಿನ ಕೊಳವೆ. ಹೈದರ್ ಮತ್ತು ಟಿಪ್ಪುವಿನ ಕಾಲದ ನಮ್ಮ ಕುಶಲಕರ್ಮಿಗಳದ್ದು ಕಬ್ಬಿಣದ ಕೊಳವೆ. ಅದು ಸೀಳದೆ ಹೆಚ್ಚು ಒತ್ತಡ ತಡೆದುಕೊಂಡಿದ್ದರಿಂದ ರಾಕೆಟ್ ದೂರ ಹಾರಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಅದರ ಪೆಟ್ಟು ತಿಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ರಾಕೆಟ್ಟಾಗಲಿ ರೈಫಲ್ಲಾಗಲಿ, ಗ್ಯಾಸನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು ಅನ್ನುವುದೇ ಕಸುಬು. ಆ ಅಳತೆಯನ್ನು ಕಾರ್ಖಾನೆ ಒಮ್ಮೆ ಗೊತ್ತುಮಾಡಿ ಕಳಿಸಿರುತ್ತದೆ.

3. ‘ಸಿಡಿಯಲಿಲ್ಲ’ ಬೇರೆ, ‘ತುಂಬಲಿಲ್ಲ’ ಬೇರೆ.

2019ರ ಆಗಸ್ಟಿನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರರ ಅಂತ್ಯಕ್ರಿಯೆಯಲ್ಲಿ ಗೌರವ ಸಲ್ಲಿಸಲು ನಿಂತ ಪೊಲೀಸರ ರೈಫಲ್‌ಗಳಲ್ಲಿ ಒಂದೂ ಸಿಡಿಯಲಿಲ್ಲ. ಆ ಸುದ್ದಿ ಟಿವಿಯಲ್ಲಿ ಬಂದ ಮೇಲೆ ನಮ್ಮ ಕಡೆಯವರೂ ‘ಗ್ಯಾಸ್ ಕಮ್ಮಿ ಆಗಿರಬೇಕು’ ಅಂದರು. ಮೊದಲ ರೌಂಡೇ ಸಿಡಿಯದಿದ್ದರೆ ಗ್ಯಾಸಿನ ಪ್ರಶ್ನೆ ಎಲ್ಲಿಂದ ಬಂತು? ಸಿಡಿದರೆ ತಾನೆ ಗ್ಯಾಸ್ ಹುಟ್ಟುವುದು? ಅಂಥಲ್ಲಿ ನೋಡಬೇಕಾದದ್ದು ಕಾರ್ಟ್ರಿಡ್ಜನ್ನು, ಫೈರಿಂಗ್ ಪಿನ್ನನ್ನು.

ಗೌರವ ಸಲ್ಲಿಸುವಾಗ ಬಳಸುವ ಬ್ಲ್ಯಾಂಕ್ ರೌಂಡಿನಲ್ಲಿ ಗುಂಡೇ ಇರುವುದಿಲ್ಲ. ಬ್ಯಾರಲ್‌ನಲ್ಲಿ ಅಡ್ಡ ನಿಲ್ಲುವ ಗುಂಡು ಇಲ್ಲದ ಕಾರಣ ಗ್ಯಾಸ್ ನೇರ ಬಾಯಿಯಿಂದ ಹೋಗಿಬಿಡುತ್ತದೆ, ಪಿಸ್ಟನ್ನಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಅದಕ್ಕೇ ಪ್ರತಿ ಸಲ ಕೈಯಿಂದ ಕಾಕ್ ಮಾಡುವುದು. ಅದು ರೈಫಲ್ಲಿನ ದೋಷವಲ್ಲ. ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದ ಹಿಂದಿನ ಸಂಜೆ ಹೊಸಬರಿಗೆ ಇದನ್ನು ತಪ್ಪದೆ ಹೇಳುತ್ತಿದ್ದೆ. ಇಲ್ಲದಿದ್ದರೆ ಮಾರನೆಯ ದಿನ ಒಂದಷ್ಟು ಒಳ್ಳೆಯ ರೈಫಲ್‌ಗಳು ‘ಕೆಟ್ಟಿವೆ’ ಅನ್ನುವ ಚೀಟಿ ಕಟ್ಟಿಕೊಂಡು ನನ್ನ ಮೇಜಿಗೆ ಬರುತ್ತಿದ್ದವು.

ನಿಜವಾಗಿ ಗ್ಯಾಸ್ ಕಡಿಮೆಯಾದರೆ ಗುರುತು ಬೇರೆ. ಗುಂಡು ಹೋಗುತ್ತದೆ, ಕೇಸ್ ಮಾತ್ರ ಪೂರ್ತಿ ಹೊರಬೀಳದೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲವೆ ಹೊರಬಿದ್ದರೂ ಹೊಸ ರೌಂಡ್ ಏಳುವುದಿಲ್ಲ. ಹೆಚ್ಚಾದರೆ ಕೇಸ್ ದೂರ ಹಾರಿ ಬೀಳುತ್ತದೆ, ಹೆಗಲಿಗೆ ಪೆಟ್ಟು ಜೋರಾಗುತ್ತದೆ, ಒಳಗಿನ ಭಾಗಗಳು ಒಂದಕ್ಕೊಂದು ಬಡಿದು ಬೇಗ ಸವೆಯುತ್ತವೆ. ಹೆಚ್ಚಾದದ್ದು ಯಾರಿಗೂ ತೊಂದರೆ ಅನ್ನಿಸುವುದಿಲ್ಲ, ರೈಫಲ್ ಓಡುತ್ತಲೇ ಇರುತ್ತದಲ್ಲ. ನನಗೆ ಹೆಚ್ಚು ಚಿಂತೆ ಅದರದ್ದೇ.

4. ಮೊದಲು ಕೊಳೆ, ಆಮೇಲೆ ಮಿಕ್ಕಿದ್ದು.

ಗ್ಯಾಸ್ ಕಡಿಮೆ ಅಂತ ಬಂದ ರೈಫಲ್‌ಗಳಲ್ಲಿ ಹೆಚ್ಚಿನವಕ್ಕೆ ಬೇಕಿದ್ದದ್ದು ಚಿಂದಿ, ಬ್ರಷ್ಷು, ತಾಳ್ಮೆ. ಗ್ಯಾಸ್ ಸಿಲಿಂಡರಿನಲ್ಲಿ, ಪಿಸ್ಟನ್ ತಲೆಯಲ್ಲಿ, ರೆಗ್ಯುಲೇಟರಿನ ಸಂದಿಯಲ್ಲಿ ಕರಿ ಗಟ್ಟಿ ಕೂರುತ್ತದೆ. ನಮ್ಮವರು ಬ್ಯಾರಲ್ಲಿಗೆ ಪುಲ್‌ಥ್ರೂ (ಚಿಂದಿ ಕಟ್ಟಿದ ಹಗ್ಗ) ಎಳೆದು ಕನ್ನಡಿಯಂತೆ ಹೊಳೆಯಿಸುತ್ತಾರೆ, ಏಕೆಂದರೆ ಸಾಹೇಬರು ತಪಾಸಣೆಯಲ್ಲಿ ನೋಡುವುದು ಅದನ್ನು. ಗ್ಯಾಸ್ ಪ್ಲಗ್ ತೆಗೆದು ಒಳಗೆ ಇಣುಕುವವರು ಕಡಿಮೆ.

ಇನ್ನೊಂದು, ಪ್ರೀತಿಯಿಂದ ಆಗುವ ಅನಾಹುತ: ಪಿಸ್ಟನ್ನಿಗೆ ಎಣ್ಣೆ ಹಚ್ಚುವುದು. ಕಬ್ಬಿಣ ಕಂಡಲ್ಲೆಲ್ಲ ಎಣ್ಣೆ ಅನ್ನುವುದು ನಮಗೆ ರೂಢಿ. ಆದರೆ ಪಿಸ್ಟನ್, ಸಿಲಿಂಡರ್ ಒಣಗಿಯೇ ಇರಬೇಕು. ಬಿಸಿ ಗ್ಯಾಸಿಗೆ ಎಣ್ಣೆ ಸುಟ್ಟು ಕರಿಯಾಗುತ್ತದೆ, ಆ ಕರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕೆಆರ್‌ಎಸ್ ಸುತ್ತ, ನಾಲೆ ಬಯಲಿನಲ್ಲಿ, ಮಳೆಗಾಲದ ತೇವಕ್ಕೆ ತುಕ್ಕು ಬೇಗ ಬರುತ್ತದೆ ನಿಜ. ಕೋಣೆಯಲ್ಲಿ ಇಡುವಾಗ ತೆಳ್ಳಗೆ ಹಚ್ಚಿಡಿ, ಗುಂಡು ಹಾರಿಸುವ ಮೊದಲು ಒರೆಸಿ ಒಣಗಿಸಿ.

ಗ್ಯಾಸ್ ಪ್ಲಗ್ಗನ್ನೂ ನೋಡಿ. ಗ್ರೆನೇಡ್ ಹಾರಿಸುವುದಕ್ಕೆ ಗ್ಯಾಸನ್ನು ಪೂರ್ತಿ ಮುಚ್ಚುವ ಸ್ಥಾನ ಅದಕ್ಕೆ ಇದೆ. ಬಿಚ್ಚಿ ಜೋಡಿಸುವಾಗ ತಿರುಗುಮುರುಗಾದರೆ ಎಸ್‌ಎಲ್‌ಆರ್ ಹಳೆಯ .303ರ ಹಾಗೆ ಪ್ರತಿ ಗುಂಡಿಗೂ ಕೈ ಬೇಡುತ್ತದೆ.

5. ಬೇಕಾದ ಹೊಂದಾಣಿಕೆ ಆಗಲೇ ರೈಫಲ್ಲಿನಲ್ಲಿದೆ.

ಹ್ಯಾಂಡ್‌ಗಾರ್ಡಿನ ಮುಂದೆ ಕಾಣುವ, ಅಂಕಿ ಇರುವ ಬಳೆಯೇ ಗ್ಯಾಸ್ ರೆಗ್ಯುಲೇಟರ್. ಅದು ತೆರೆದಷ್ಟೂ ಗ್ಯಾಸ್ ಹೊರಗೆ ಹೋಗುತ್ತದೆ, ಮುಚ್ಚಿದಷ್ಟೂ ಪಿಸ್ಟನ್ನಿಗೆ ಸಿಗುತ್ತದೆ. ಬಟ್‌ನಲ್ಲಿ, ಅಂದರೆ ಗುಂಡು ಹಾರಿಸುವ ಮೈದಾನದಲ್ಲಿ, ಅದನ್ನು ಹೊಂದಿಸುವುದು ತೆರೆದ ಕಡೆಯಿಂದ ಶುರುಮಾಡಿ, ಒಂದೊಂದೇ ಹೆಜ್ಜೆ ಮುಚ್ಚುತ್ತ. ರೈಫಲ್ ನೆಚ್ಚಿಕೆಯಿಂದ ಕೆಲಸ ಮಾಡುವಲ್ಲಿಗೆ ಬಂದಾಗ, ಮಳೆಗೆ, ಧೂಳಿಗೆ ಅಂತ ಇನ್ನೊಂದೆರಡು ಹೆಜ್ಜೆ ಸೇರಿಸಿ ನಿಲ್ಲಿಸುವುದು. ‘ಪೂರ್ತಿ ಮುಚ್ಚಿಬಿಡು, ಯಾವತ್ತೂ ನಿಲ್ಲಲ್ಲ’ ಅನ್ನುವ ಮಾತು ಎಲ್ಲ ಕಡೆ ಕೇಳಿದ್ದೇನೆ. ಅದು ರೈಫಲ್ಲಿನ ಆಯುಸ್ಸು ತಿನ್ನುವ ಸಲಹೆ.

6. ಹ್ಯಾಂಡ್‌ಗಾರ್ಡ್ ಅಲಂಕಾರವಲ್ಲ.

ಬ್ಯಾರಲ್, ಗ್ಯಾಸ್ ಸಿಲಿಂಡರ್ ಎರಡೂ ಕಾಯುತ್ತವೆ. ಆ ಕಾವಿನಿಂದ ಕೈ ಕಾಪಾಡುವುದು ಅದರ ಮೊದಲ ಕೆಲಸ. ಮರದ್ದಾದರೆ ಒಣಗಿದಾಗ ಸೀಳುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳ್ಳಗೆ ಉಜ್ಜಿ ಒಣಗಲು ಬಿಟ್ಟರೆ ಮರ ಉಳಿಯುತ್ತದೆ. ವಾರ್ನಿಷ್ ಬಳಿಯುವುದು ನನಗೆ ಒಪ್ಪಿಗೆಯಿಲ್ಲ, ಕಾವಿಗೆ ಅದು ಅಂಟುತ್ತದೆ.

ಹೊರದೇಶದ ಗುರಿಗಾರರು ಬ್ಯಾರಲ್ಲನ್ನು ಎಲ್ಲೂ ಮುಟ್ಟದ ಹ್ಯಾಂಡ್‌ಗಾರ್ಡ್ ಹಾಕಿಸುವುದಕ್ಕೆ ಕಾರಣವಿದೆ. ಬ್ಯಾರಲ್ ಮೇಲೆ ಒತ್ತಡ ಬಿದ್ದರೆ ಗುಂಡು ಬೀಳುವ ಜಾಗ ಸರಿಯುತ್ತದೆ. ಆ ಅರಿವಿನಿಂದ ನಮ್ಮ ಹುಡುಗರು ಪಡೆಯಬಹುದಾದ ಲಾಭಕ್ಕೆ ಒಂದು ಸ್ಕ್ರೂ ಸಹ ತಿರುಗಿಸಬೇಕಿಲ್ಲ: ಬ್ಯಾರಲ್ಲನ್ನು ಮರಳು ಚೀಲದ ಮೇಲೋ ಗೋಡೆಯ ಮೇಲೋ ಊರಬೇಡಿ. ಹ್ಯಾಂಡ್‌ಗಾರ್ಡ್ ಅಂಗೈಯಲ್ಲಿರಲಿ, ಕೈ ಚೀಲದ ಮೇಲಿರಲಿ. ಸ್ಲಿಂಗನ್ನು ಎಷ್ಟು ಬಿಗಿ ಎಳೆಯುತ್ತೀರೋ ಪ್ರತಿ ಸಲ ಅಷ್ಟೇ ಎಳೆಯಿರಿ.

7. ಅರ ಮುಟ್ಟಬೇಡಿ.

ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ರೈತರಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಬಂದೂಕುಗಳಿವೆ. ನಿವೃತ್ತ ಆರ್ಮರರ್ ಊರಿನಲ್ಲಿದ್ದಾನೆ ಅಂತ ತಿಳಿದರೆ ಸಾಕು, ‘ಅಣ್ಣೋ, ಒಸಿ ನೋಡ್ಕೊಡು’ ಅಂತ ಬರುತ್ತಾರೆ. ಪ್ರೀತಿಯವರು, ಆದರೂ ಕೈ ಹಾಕುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ದುರಸ್ತಿ, ಮಾರ್ಪಾಡಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಬ್ಯಾರಲ್ ಗಿಡ್ಡ ಮಾಡುವುದಕ್ಕೆ 6ನೇ ಸೆಕ್ಷನ್ ಇದೆ. ಲೈಸೆನ್ಸ್ ಇರುವ ಅಂಗಡಿಗೆ ಹೋಗಿ ಅಂತ ಕಳಿಸುತ್ತೇನೆ.

ಕಾಯ್ದೆ ಪಕ್ಕಕ್ಕಿಡಿ, ಲೋಹವೂ ಇದನ್ನೇ ಹೇಳುತ್ತದೆ. ಅರ ಹಾಕಿ ದೊಡ್ಡದು ಮಾಡಿದ ತೂತನ್ನು ಮತ್ತೆ ಸಣ್ಣದು ಮಾಡಲಾಗದು. ಕುಲುಮೆಯಲ್ಲಿ ಕಾಯಿಸಿದ ಬ್ಯಾರಲ್ಲಿನ ಹದ ಕೆಟ್ಟಿದ್ದು ಹೊರಗಿನಿಂದ ಕಾಣದು, ಅದು ಗೊತ್ತಾಗುವುದು ಮುಖದ ಹತ್ತಿರ ಸೀಳಿದಾಗ. ಇಲಾಖೆಯೊಳಗೂ ಇದೇ ಮಾತು: ಸವೆದ ಪಿಸ್ಟನ್ನಿಗೆ ಇಂಡೆಂಟ್ ಹಾಕಿ ಹೊಸದು ತರಿಸಬೇಕು, ತಿಂಗಳುಗಟ್ಟಲೆ ಕಾದರೂ ಸರಿ.

8. ಕರಿಮದ್ದಿನ ಬಂದೂಕಿಗೆ ಬಿಸಿನೀರು.

ಬಾಯಿಂದ ಮದ್ದು ತುಂಬುವ ಬಂದೂಕು, ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ ಅಂತ ಬರೆದಿರುವುದು, ಇಟ್ಟುಕೊಂಡವರಿಗೆ ನಾನು ಬಾಯಿಮಾತಿನಲ್ಲಿ ಹೇಳುವುದು ಇದನ್ನು. ಕರಿಮದ್ದು ಸುಟ್ಟಾಗ ಉಳಿಯುವ ಉಪ್ಪಿನಂಶ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾರಿಸಿದ ದಿನವೇ ಬ್ಯಾರಲ್ಲನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಬೆಳೆ ಕಾಯುವ ಲೈಸೆನ್ಸ್ ಬೇಟೆಯ ಪರವಾನಗಿಯಲ್ಲ ಅನ್ನುವುದನ್ನೂ ಜೊತೆಗೆ ಹೇಳುತ್ತೇನೆ, ಮೇಲುಕೋಟೆ ವನ್ಯಧಾಮದ ಅಂಚಿನ ಊರುಗಳಲ್ಲಿ ವಿಶೇಷವಾಗಿ.

9. ಜಮಾ ಮಾಡುವ ಮುಂಚೆ.

ಚುನಾವಣೆ ಬಂತೆಂದರೆ ಬಂದೂಕು ಠಾಣೆಗೆ ಜಮಾ ಮಾಡಬೇಕು ಅಂತ ಆದೇಶ ಬರುತ್ತದೆ. ಫಲಿತಾಂಶದವರೆಗೆ ಅದು ಅಲ್ಲಿ ನಿಂತಿರುತ್ತದೆ. ಕೊಡುವ ಮುಂಚೆ ಖಾಲಿ ಮಾಡಿ, ತೊಳೆದು ಒಣಗಿಸಿ, ಬ್ಯಾರಲ್ ಒಳಗೆ ಹೊರಗೆ ತೆಳ್ಳಗೆ ಎಣ್ಣೆ ಹಚ್ಚಿ. ಗೋಣಿಚೀಲದಲ್ಲಿ ಸುತ್ತಬೇಡಿ, ಅದು ತೇವ ಹಿಡಿದಿಡುತ್ತದೆ. ಹಳೆಯ ಒಣ ಹತ್ತಿ ಬಟ್ಟೆ ಸಾಕು. ರಸೀದಿಯಲ್ಲಿ ಬಂದೂಕಿನ ನಂಬರ್ ಸರಿಯಾಗಿ ಬರೆದಿದೆಯೇ ಅಂತ ಅಲ್ಲೇ ನಿಂತು ಓದಿಕೊಳ್ಳಿ. ವಾಪಸ್ ತಂದ ದಿನ ಎಣ್ಣೆಯನ್ನು ಒರೆಸಿ, ಬ್ಯಾರಲ್ಲಿನಲ್ಲಿ ಬೆಳಕು ಹಾಯುತ್ತದೆಯೇ ನೋಡಿ. ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ ಬ್ಯಾರಲ್‌ಗಳನ್ನು ನಾನು ಕಂಡಿದ್ದೇನೆ. ಅದನ್ನು ನೋಡದೆ ಹಾರಿಸಿದರೆ ಬ್ಯಾರಲ್ ಸೀಳುತ್ತದೆ.