ಮೆಣಸಿನ ಬಳ್ಳಿಗೆ ಬ್ಯಾಕ್ಟೀರಿಯಾ: ಸಸಿಯಲ್ಲೇ ಸೇರಿಸಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಮಳೆ ಹಿಡಿದ ಮೇಲೆ ಕಾಳುಮೆಣಸಿನ ಬಳ್ಳಿ ಸೊರಗತೊಡಗುತ್ತದೆ. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಪುಡಿ ಹುಡುಕಿಕೊಂಡು ಅನೇಕರು ಅಂಗಡಿಗೆ ಹೋಗುವುದೂ ಆಗಲೇ. ಅಷ್ಟರಲ್ಲಿ ತಡವಾಗಿರುತ್ತದೆ. ಉಪಕಾರಿ ಬ್ಯಾಕ್ಟೀರಿಯಾ ನೆಲೆಯೂರಬೇಕಾದದ್ದು ಬಳ್ಳಿ ಇನ್ನೂ ಪ್ಯಾಕೆಟ್ ಸಸಿಯಾಗಿರುವಾಗ.

ಆರೋಗ್ಯವಂತ ಬಳ್ಳಿಯ ಬೇರು, ಕಾಂಡಗಳ ಒಳಗೂ ಬ್ಯಾಕ್ಟೀರಿಯಾಗಳಿವೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂಥ 74 ಮಾದರಿಗಳನ್ನು ಬೇರ್ಪಡಿಸಿ 2009ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಮೂರು, ಸೊರಗು ರೋಗ ತರುವ ಫೈಟೊಫ್ಥೊರಾ ರೋಗಾಣುವನ್ನು ಚೆನ್ನಾಗಿ ತಡೆದವು. ಆ ಮೂರರಲ್ಲೊಂದು ಮನುಷ್ಯರಿಗೂ ಸೋಂಕು ತರಬಲ್ಲ ಜಾತಿ. ಹಾಗಾಗಿ ಬಳ್ಳಿಯ ಬೇರು ಕೊಳೆಸಿ ಮನೆಯಲ್ಲೇ ದ್ರಾವಣ ಮಾಡುವ ಸಾಹಸ ಖಂಡಿತ ಬೇಡ. ಬೇರಿನ ಸುತ್ತ ಬೆಳೆದು ಒಳಕ್ಕೂ ಹೋಗಬಲ್ಲ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಪುಡಿಯನ್ನೇ ಬಳಸಿ. ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ ನೋಡಿ, ಬಿಸಿಲಿಗಿಟ್ಟ ಪೊಟ್ಟಣ ಬೇಡ.

ಫೆಬ್ರುವರಿ–ಮಾರ್ಚ್‌ನಲ್ಲಿ, ರೋಗವಿಲ್ಲದ ಬಳ್ಳಿಯ ಬುಡದ ಹಬ್ಬು ಬಳ್ಳಿಗಳನ್ನು ಎರಡು–ಮೂರು ಗಂಟಿಗೆ ಕತ್ತರಿಸಿ, ಎಲೆ ಸವರಿ. ಬಾವಿ ನೀರಿಗೆ ಲೀಟರಿಗೆ 20 ಗ್ರಾಂ ಪುಡಿ ಕದಡಿ, ತುಂಡುಗಳ ಬುಡವನ್ನು ಅರ್ಧ ಗಂಟೆ ಅದ್ದಿಡಿ. ಕ್ಲೋರಿನ್ ಹಾಕಿದ ನೀರು ಆಗದು. ಗಂಟಿನಿಂದ ಬಿಳಿ ಬೇರು ಹೊರಡುವಲ್ಲಿ ಸಿಪ್ಪೆ ಸಣ್ಣಗೆ ಬಿರಿಯುತ್ತದೆ. ಮುಂದೆ ಕವಲು ಬೇರು ಒಡೆಯುವಲ್ಲೂ ಹಾಗೆಯೇ. ಬ್ಯಾಕ್ಟೀರಿಯಾ ಒಳಸೇರುವ ಬಾಗಿಲು ಅದೇ. ಆ ಹೊತ್ತಿಗೆ ಅದು ಅಲ್ಲೇ ಕಾದಿರಬೇಕು.

ಪ್ಯಾಕೆಟ್ಟಿಗೆ ಎರಡು ಪಾಲು ಮಣ್ಣು, ಒಂದೊಂದು ಪಾಲು ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಅದ್ದಿದ ತುಂಡುಗಳನ್ನು ಅದರಲ್ಲಿ ನೆಟ್ಟು ನೆರಳಲ್ಲಿಡಿ.

ನೆಟ್ಟ ಬಳ್ಳಿಗಳಿಗಾದರೆ 100 ಕಿಲೋ ಕಳಿತ ಗೊಬ್ಬರಕ್ಕೆ 2 ಕಿಲೋ ಪುಡಿ ಕಲಸಿ, ನೆರಳಲ್ಲಿ ಹದಿನೈದು ದಿನ ಒದ್ದೆ ಗೋಣಿ ಮುಚ್ಚಿಡಿ. ಮೊದಲ ಮಳೆಗೆ ನೆಲ ನೆನೆದ ಮೇಲೆ ಬಳ್ಳಿಗೆ ಒಂದೆರಡು ಕಿಲೋ ಹರಡಿ ಸೊಪ್ಪು ಹೊದಿಸಿ. ಬುಡ ಕೆದಕಬೇಡಿ, ಗಾಯವಾದ ಬೇರಿಗೆ ರೋಗ ಬೇಗ ತಗಲುತ್ತದೆ.

ನಮ್ಮಲ್ಲಿ ಎಡವಟ್ಟಾಗುವುದು ಬೋರ್ಡೋ ದ್ರಾವಣದಿಂದ. ಅದರ ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬೋರ್ಡೋ, ಪುಡಿ ಎರಡರ ನಡುವೆ ಹದಿನೈದು ದಿನವಾದರೂ ಅಂತರವಿರಲಿ. ಕೊಳೆ ರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ಮೆಣಸಿನ ಬುಡಕ್ಕೂ ಇಳಿಯುತ್ತದೆ, ಆ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲೆ ಜೋತುಬಿದ್ದು ಬುಡ ಕಪ್ಪಾದ ಬಳ್ಳಿಯನ್ನು ಈ ಪುಡಿ ಉಳಿಸಲಾರದು. ಅದನ್ನು ಬೇರುಸಹಿತ ಕಿತ್ತು ಸುಡಿ. ನೀರು ನಿಲ್ಲುವ ತೋಟದಲ್ಲಿ ಪುಡಿಗೆ ದುಡ್ಡು ಹಾಕುವ ಮೊದಲು ಬಸಿಗಾಲುವೆ ಆಳ ಮಾಡಿಸಿ.