ಡೇರಿ ಮುಂದಿನ ಬೀಟ್ ಸಭೆ

ಪಂಪ್‌ಸೆಟ್ಟಿನ ಕೇಬಲ್ ಕದಿಯುವವರಿಗೆ ತ್ರೀ ಫೇಸ್ ಕರೆಂಟು ಯಾವ ಪಾಳಿಯಲ್ಲಿ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ರೈತರಷ್ಟೇ ಚೆನ್ನಾಗಿ ಗೊತ್ತಿರುತ್ತದೆ. ಕರೆಂಟಿಲ್ಲದ ಹೊತ್ತಿನಲ್ಲಿ ತೋಟದ ಕಡೆ ಯಾರೂ ಸುಳಿಯುವುದಿಲ್ಲ. ಕೇಬಲ್ ಹೋಗಿರುವುದು ತಿಳಿಯುವುದು ಮುಂದಿನ ಪಾಳಿಯ ಕರೆಂಟು ಬಂದು ಮೋಟಾರು ಓಡದಿದ್ದಾಗಲೇ. ಅಷ್ಟರೊಳಗೆ ಕೆರೆಯಂಗಳದಲ್ಲೋ ಪಾಳುಬಿದ್ದ ಕಲ್ಲುಕ್ವಾರಿಯಲ್ಲೋ ಅದರ ಮೇಲಿನ ಪ್ಲಾಸ್ಟಿಕ್ ಸುಟ್ಟು, ಒಳಗಿನ ತಾಮ್ರವನ್ನು ಗುಜರಿಗೆ ಹಾಕಿ ಆಗಿರುತ್ತದೆ. ಕೇಬಲ್ಲಿನ ದುಡ್ಡು ಹೇಗೋ ಹೊಂದಿಸಬಹುದು. ಹೊಸದು ತಂದು ಎಳೆಯುವಷ್ಟರಲ್ಲಿ ನೀರಿಲ್ಲದೆ ಬಾಡಿದ ಬೀನ್ಸ್, ಟೊಮೆಟೊ ಸಾಲುಗಳ ನಷ್ಟವನ್ನು ಯಾವ ದೂರಿನಲ್ಲೂ ಬರೆಸಲು ಬರುವುದಿಲ್ಲ.

ನಾನಿರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಲ್ಲಿ. ಗೌರಿಬಿದನೂರು, ಕೊರಟಗೆರೆ ಕಡೆಗೆ ಮುಖ ಮಾಡಿದ ಈ ಸೀಮೆ ಬಹುಕಾಲ ರಾಗಿ, ಕಡಲೆಕಾಯಿ, ಹಾಲು ಅಂತಲೇ ಬದುಕಿತ್ತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಜಮೀನಿನ ಬೆಲೆ ಮೊದಲು ಓಡಿತು, ಅದರ ಹಿಂದೆ ಬೆಂಗಳೂರು ಬಂತು. ವಾರವೆಲ್ಲ ಬೀಗ ಬಿದ್ದಿರುವ ತೋಟದ ಮನೆಗಳು ಬಂದವು. ಕಂಬ ನೆಟ್ಟು ಬಲ್ಬು ಹಾಕದ ಲೇಔಟುಗಳು, ಕೋಳಿ ಫಾರಂಗಳು, ಅವುಗಳ ಶೆಡ್ಡಿನಲ್ಲಿ ಒಡಿಶಾ, ಬಿಹಾರ, ರಾಯಚೂರು ಕಡೆಯಿಂದ ಬಂದ ಸಂಸಾರಗಳು ಬಂದವು. ಪಟ್ಟಣದ ಅಪಾರ್ಟ್‌ಮೆಂಟಿನವರು ಗೇಟಿಗೊಬ್ಬ ಸೆಕ್ಯುರಿಟಿಯನ್ನು ನಿಲ್ಲಿಸಿಕೊಳ್ಳುತ್ತಾರೆ. ನಾಲ್ಕೂ ದಿಕ್ಕಿಗೆ ದಾರಿ ಬಿಟ್ಟುಕೊಂಡಿರುವ ಹಳ್ಳಿಗೆ ಗೇಟು ಎಲ್ಲಿಂದ ತರುವುದು?

ಹಿಂದೆ ಊರಿಗೆ ತಳವಾರ, ತೋಟಿ ಇದ್ದರು. ಯಾರು ಬಂದರು, ಯಾರು ಹೋದರು, ಯಾರ ಹಸು ಯಾರ ಹೊಲ ಮೇಯಿತು, ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ಆ ಕೆಲಸ ಜಾತಿಯ ಹೊರೆಯಾಗಿ ಅಪ್ಪನಿಂದ ಮಗನಿಗೆ ಬರುತ್ತಿತ್ತು. ರಾತ್ರಿಯೆಲ್ಲ ಊರು ಕಾದವನಿಗೆ ಹಗಲು ಊರೊಳಗೆ ಮರ್ಯಾದೆ ಇರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಅದನ್ನು ತೆಗೆದುಹಾಕಿದ್ದು ನ್ಯಾಯವೇ. ಮೂರು ವರ್ಷ ಕಳೆದು 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಕಾವಲು ಒಂದು ಜಾತಿಯ ತಲೆಯ ಮೇಲಿಂದ ಇಳಿದು ಊರೆಲ್ಲರ ಪಾಲಿಗೆ ಬರಬೇಕೆಂಬುದು ಅದರ ತಿರುಳು. ಆ ತಿರುಳು ನಮ್ಮ ಊರುಗಳಿಗೆ ಇನ್ನೂ ಪೂರ್ತಿ ಇಳಿದಿಲ್ಲ. ನಾನು ಊರ ಕಾವಲಿನ ಕೆಲಸಕ್ಕೆ ಕೈಹಾಕಿದ ಮೇಲೆ ಪದೇ ಪದೇ ಕಂಡದ್ದು ಇದನ್ನೇ.

2017ರಲ್ಲಿ ರಾಜ್ಯದ ಪೊಲೀಸರು ಸುಧಾರಿತ ಬೀಟ್ ವ್ಯವಸ್ಥೆ ತಂದರು. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್ ಅವರನ್ನು ಹೊಣೆ ಮಾಡಿ, ಅವರ ಜೊತೆ ಊರಿನವರ ಸಮಿತಿ ಇರಬೇಕೆಂದಾಯಿತು. ಕೇರಳದಲ್ಲಿ 2008ರಿಂದಲೇ ಜನಮೈತ್ರಿ ಎಂಬ ಹೆಸರಿನಲ್ಲಿ ಇಂಥದ್ದು ನಡೆದುಬಂದಿತ್ತು. ಬೀಟಿನ ಪೊಲೀಸು ಮನೆಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದೇ ಅಲ್ಲಿ ಮುಖ್ಯ ಕೆಲಸ.

ನಮ್ಮೂರ ಸಮಿತಿಯ ಮೊದಮೊದಲ ಸಭೆಗಳಿಗೆ ಬಂದವರು ಊರ ಮುಖಂಡರು, ಗುತ್ತಿಗೆದಾರರು, ಅಂಗಡಿ ಮಾಲೀಕರು. ಹೆಂಗಸರು ಅಂತ ಹೆಸರಿಗೆ ನಾನೊಬ್ಬಳು, ಸ್ತ್ರೀಶಕ್ತಿ ಸಂಘದ ಕಡೆಯಿಂದ. ಹುಡುಗರು ದೊಣ್ಣೆ, ಟಾರ್ಚು, ವಿಷಲ್ ಹಿಡಿದು ರಾತ್ರಿ ಗಸ್ತು ತಿರುಗಬೇಕು ಎಂದು ತೀರ್ಮಾನವಾಯಿತು. ಉತ್ಸಾಹಕ್ಕೇನೂ ಕೊರತೆ ಇರಲಿಲ್ಲ. ರಾಗಿ ಕೊಯ್ಲು ಶುರುವಾಯಿತು. ಹಗಲೆಲ್ಲ ಹೊಲದಲ್ಲಿ ಬಗ್ಗಿ ದುಡಿದ ಮೈ ರಾತ್ರಿ ಎದ್ದು ತಿರುಗೀತೇ? ಗಸ್ತು ಅಲ್ಲಿಗೆ ನಿಂತಿತು.

ಆ ಕೊಯ್ಲಿನ ದಿನಗಳಲ್ಲೇ, ಮಟಮಟ ಮಧ್ಯಾಹ್ನ, ನಮ್ಮ ಬೀದಿಯ ಅಜ್ಜಿಯೊಬ್ಬರ ಸರ ಹೋಯಿತು. ಮನೆಮಂದಿಯೆಲ್ಲ ಹೊಲದಲ್ಲಿದ್ದರು. ಬೈಕಿನಲ್ಲಿ ಬಂದ ಇಬ್ಬರು ಮೊದಲು ಹಿತ್ತಾಳೆ ಚೊಂಬನ್ನು ಪುಡಿ ಹಾಕಿ ಥಳಥಳ ಹೊಳೆಸಿ ತೋರಿಸಿದರಂತೆ. ಆಮೇಲೆ, “ಅಮ್ಮಾ, ಸರಾನೂ ಹಿಂಗೇ ಮಾಡ್ಕೊಡ್ತೀವಿ ಕೊಡಿ” ಅಂದರಂತೆ. ಅರಿಶಿನದ ನೀರಿನ ಡಬ್ಬಿಯೊಳಗೆ ಸರ ಹಾಕಿದಂತೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ ಎಂದು ಹೇಳಿ ಹೊರಟುಹೋದರು. ಡಬ್ಬಿಯಲ್ಲಿ ನೀರಷ್ಟೇ ಇತ್ತು.

ಅಜ್ಜಿ ಅದನ್ನು ಎಷ್ಟೋ ದಿನ ಬಾಯಿಬಿಡಲಿಲ್ಲ. ಸೊಸೆ ಏನಂದಾಳು, ಮಗ ಬೈದಾನು ಎಂದು ಸೆರಗನ್ನು ಕತ್ತಿನ ಸುತ್ತ ಹೊದ್ದುಕೊಂಡೇ ಓಡಾಡಿದರು. ಗೊತ್ತಾದ ಮೇಲೆ ನಾನು ಹೋಗಿ ಕೂತಾಗ ಅವರು ಕೇಳಿದ್ದು ಒಂದೇ ಮಾತು: “ನನ್ನಂಥ ದಡ್ಡೀನ ನೀನು ನೋಡಿದೀಯೇನವ್ವ?” ಅವರ ಮಾತಿಗಿಂತ ಹೆಚ್ಚು ನೋವು ತಂದದ್ದು ಆಮೇಲೆ ತಿಳಿದ ಸಂಗತಿ. ಅದೇ ವಾರ ಪಕ್ಕದ ಊರಿನಲ್ಲಿ ಇನ್ನೊಬ್ಬ ಹೆಂಗಸೂ ಹೀಗೇ ಮೋಸ ಹೋಗಿದ್ದರು. ಅಜ್ಜಿ ಆ ಮಧ್ಯಾಹ್ನವೇ ಹೇಳುವಂತಿದ್ದರೆ ಆ ಬೈಕು ಮುಂದಿನ ಊರು ಸೇರುವ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟುತ್ತಿತ್ತು. ಕಳ್ಳನಿಗೆ ಕತ್ತಲೆಗಿಂತ ದೊಡ್ಡ ಆಸರೆ ಕಳೆದುಕೊಂಡವರ ನಾಚಿಕೆ. ಮನೆಯವರು “ನಿನಗೆ ಬುದ್ಧಿ ಇರಲಿಲ್ವಾ” ಎಂದು ಕೇಳುವ ಕಡೆ ಯಾವ ಸಿಸಿ ಕ್ಯಾಮೆರಾ ಹಾಕಿದರೂ ಪ್ರಯೋಜನ ಕಡಿಮೆ ಎಂದು ನನಗೆ ಆಗಿನಿಂದ ಅನ್ನಿಸುತ್ತಿದೆ.

ಇದಾದ ಮೇಲೆ ಸಭೆಯನ್ನು ಪಂಚಾಯ್ತಿ ಕಟ್ಟಡದಿಂದ ಹಾಲಿನ ಡೇರಿ ಮುಂದಕ್ಕೆ ತರೋಣವೆಂದು ಕೇಳಿಕೊಂಡೆ. ಬೀಟಿಗೆ ಬರುತ್ತಿದ್ದ ಕಾನ್‌ಸ್ಟೆಬಲ್ ಒಪ್ಪಿದರು. ಡೇರಿಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಪ್ರತಿ ಮನೆಯಿಂದ ಒಬ್ಬರು ಬಂದೇ ಬರುತ್ತಾರೆ. ಹಾಲು ಅಳೆಸಿ, ಫ್ಯಾಟ್ ನೋಡಿಸಿ, ಕ್ಯಾನು ತೊಳೆದುಕೊಳ್ಳುವ ಹೊತ್ತಿನಲ್ಲಿ ಊರಿನ ಸುದ್ದಿಯೆಲ್ಲ ಅಲ್ಲಿ ಕೈಬದಲಾಗುತ್ತದೆ. ಬರುವವರಲ್ಲಿ ಬಹಳ ಮಂದಿ ಹೆಂಗಸರು. ಪಂಚಾಯ್ತಿ ಮೆಟ್ಟಿಲು ಹತ್ತಲು ಹಿಂಜರಿಯುವವರು ಇಲ್ಲಿ ದನಿಯೆತ್ತಿ ಮಾತಾಡುತ್ತಾರೆ.

ಮಾತಾಡಿದರು ಕೂಡ. ಯಾವ ಲೇಔಟಿನ ತುದಿಯಲ್ಲಿ ಸಂಜೆ ಕಾರು ನಿಂತಿರುತ್ತದೆ, ಯಾವ ತೋಟದ ಮನೆಯ ನಾಯಿ ವಾರದಿಂದ ಕಾಣಿಸುತ್ತಿಲ್ಲ, ಕೆರೆ ಕೋಡಿಯ ಹತ್ತಿರ ಬೆಳಗಿನ ಜಾವ ಪ್ಲಾಸ್ಟಿಕ್ ಸುಟ್ಟ ವಾಸನೆ ಯಾವತ್ತು ಬಂತು, ಎಲ್ಲ ಹೊರಬಂತು. ಹುಲ್ಲಿಗೆ ಹೋಗುವ ಹೆಂಗಸರಿಗೆ ಆ ವಾಸನೆ ಎಷ್ಟೋ ದಿನದಿಂದ ಗೊತ್ತಿತ್ತು. ಅದನ್ನು ಕೇಬಲ್ ಕಳ್ಳತನಕ್ಕೆ ಜೋಡಿಸಿ ನೋಡುವಂತೆ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಆಮೇಲೆ ಬೀಟಿನವರು ಬೆಳಗಿನ ಜಾವ ಕೋಡಿಯ ಕಡೆ ಹೋಗತೊಡಗಿದರು. ರೈತರು ಮೋಟಾರು, ಸ್ಟಾರ್ಟರುಗಳ ಮೇಲೆ ಸರ್ವೆ ನಂಬರ್ ಪಂಚ್ ಹೊಡೆಸಿಕೊಂಡರು.

ಸಮಿತಿಯಲ್ಲಿ ನಾವು ಮೊದಲು ಸೇರಿಸದೇ ಇದ್ದವರ ಬಗ್ಗೆ ಹೇಳಬೇಕು. ಕೋಳಿ ಫಾರಂ ಶೆಡ್ಡಿನವರು ರಾತ್ರಿಯೆಲ್ಲ ಎಚ್ಚರ ಇರುತ್ತಾರೆ. ದೊಡ್ಡಬಳ್ಳಾಪುರದ ಮಗ್ಗಗಳಿಗೆ, ಗಾರ್ಮೆಂಟ್ಸಿಗೆ ಪಾಳಿಗೆ ಹೋಗುವವರು ಊರು ಮಲಗಿದ ಮೇಲೆ ಬರುತ್ತಾರೆ, ಏಳುವ ಮೊದಲೇ ಹೊರಡುತ್ತಾರೆ. ಇವರು ನೋಡುವಷ್ಟು ರಾತ್ರಿಯನ್ನು ಊರಿನವರು ಯಾರೂ ನೋಡುವುದಿಲ್ಲ. ಆದರೆ ಏನೇ ಕಳುವಾದರೂ ಮೊದಲ ಬೆರಳು ತೋರಿಸುತ್ತಿದ್ದದ್ದು ಆ ಶೆಡ್ಡುಗಳ ಕಡೆಗೇ. ಆಧಾರ್ ಕಾರ್ಡು ತೋರಿಸಿ ತೋರಿಸಿ ಅವರಿಗೆ ಸಾಕಾಗಿಹೋಗಿತ್ತು. ಒಂದು ರಾತ್ರಿ ನಂಬರ್ ಪ್ಲೇಟಿಲ್ಲದ ಟೆಂಪೊಗೆ ಯಾರೋ ಕುರಿ ತುಂಬುತ್ತಿರುವುದನ್ನು ಕಂಡು ಫೋನ್ ಮಾಡಿದವನು ಒಡಿಶಾದ ಹುಡುಗ. ಮುರುಕು ಕನ್ನಡದಲ್ಲಿ, “ಅಕ್ಕಾ, ಕುರಿ, ಗಾಡಿ, ಬೇಗ” ಎಂದಷ್ಟೇ ಅಂದ. ಜನ ಎದ್ದು ಲೈಟು ಹಾಕಿದ್ದೇ ತಡ, ಕಳ್ಳರು ಕುರಿ ಬಿಟ್ಟು ಓಡಿದರು. ಇಷ್ಟು ದಿನ ಯಾಕಪ್ಪ ಏನೂ ಹೇಳುತ್ತಿರಲಿಲ್ಲ ಎಂದು ಮಾರನೆಯ ದಿನ ಕೇಳಿದೆ. ಹೇಳಿದರೆ ನನ್ನನ್ನೇ ಹಿಡಿಯುತ್ತಾರೆ ಅಂತ ಹೆದರಿಕೆ ಎಂದ. ಈಗ ಶೆಡ್ಡಿನವರೂ ಸಮಿತಿಯಲ್ಲಿದ್ದಾರೆ.

ಆ ಹುಡುಗನ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಊರೂರಿನ ಮೊಬೈಲುಗಳಲ್ಲಿ ಹರಿದಾಡುತ್ತಿದ್ದಾಗ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಕಟ್ಟಿಹಾಕಿ ಹೊಡೆದು ಕೊಂದರು. ಅದೇ ವರ್ಷದ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಮುರ್ಕಿ ಗ್ರಾಮದಲ್ಲಿ ಗುಂಪಿನ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಆ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅವರ ಕಾರಿಗಿಂತ ಮುಂಚೆ ವಾಟ್ಸ್ಆ್ಯಪ್ ಸಂದೇಶ ಮುಂದಿನ ಊರು ತಲುಪಿತ್ತು. ಅಲ್ಲಿ ಹೊಡೆದವರಲ್ಲಿ ಬಹಳಷ್ಟು ಮಂದಿ ತಾವು ಊರ ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದಿರಬೇಕು. ಕಾವಲು ಕೊಲೆಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ ಎಂದು ನೆನೆದರೆ ನನಗೆ ಇವತ್ತಿಗೂ ಮೈ ನಡುಗುತ್ತದೆ.

ಹಾಗೆಂದು ಹೊರಗಿನವರ ಭಯ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ನಮ್ಮದೇ ಜಿಲ್ಲೆಯ ಹೊಸಕೋಟೆ ಹತ್ತಿರದ ದಂಡುಪಾಳ್ಯದ ಹೆಸರು ಹೊತ್ತ ಗ್ಯಾಂಗು 1990ರ ದಶಕದಲ್ಲಿ ಮಾಡಿದ ಕೊಲೆಗಳ ನೆನಪು ನಮ್ಮ ತಾಯಂದಿರಿಗಿದೆ. ಒಂಟಿ ಹೆಂಗಸಿರುವ ಮನೆಯ ಬಾಗಿಲಿಗೆ ಬಂದು ಕುಡಿಯಲು ನೀರು ಕೇಳುತ್ತಿದ್ದರು, ಆಕೆ ತರಲು ಒಳಗೆ ತಿರುಗಿದಾಗ ನುಗ್ಗುತ್ತಿದ್ದರು. 2012ರಲ್ಲಿ ಅದರ ಮೇಲೆ ಸಿನಿಮಾ ಬಂದ ಮೇಲೆ ಹುಡುಗರ ತಲೆಗೂ ಅದು ಹೋಯಿತು. ದಂಡುಪಾಳ್ಯದಲ್ಲಿ ಯಾವುದೇ ತಪ್ಪು ಮಾಡದೆ ಬದುಕುವ ಮಂದಿ ಆ ಹೆಸರಿನ ಭಾರ ಹೊರಬೇಕಾಗಿ ಬಂದದ್ದು ಇನ್ನೊಂದು ಅನ್ಯಾಯ.

ಬಾಯಾರಿ ಬಂದವರಿಗೆ ನೀರಿಲ್ಲ ಅನ್ನುವುದು ನಮ್ಮ ಕಡೆ ಆಗದ ಮಾತು. ಡೇರಿ ಮುಂದೆ ಅತಿ ಹೆಚ್ಚು ಹೊತ್ತು ಚರ್ಚೆಯಾದದ್ದು ಇದೇ. ಕೊಡಬೇಡಿ ಎಂದು ಕೆಲವರು, ಕೊಡದಿದ್ದರೆ ನಾವು ಮನುಷ್ಯರಾ ಎಂದು ಹಿರಿಯ ಹೆಂಗಸರು. ಕೊನೆಗೆ ಒಬ್ಬ ತಾಯಿಯೇ ದಾರಿ ತೋರಿಸಿದರು: ಒಬ್ಬಳೇ ಇರುವಾಗ ಯಾರಾದರೂ ನೀರು ಕೇಳಿದರೆ, ಬಾಗಿಲ ಚಿಲಕ ತೆಗೆಯುವ ಮೊದಲು ಪಕ್ಕದ ಮನೆಯವಳನ್ನು ಕೂಗಿ ಕರೆಯುವುದು. ಬಂದವರನ್ನು ಜಗಲಿಯ ಮೇಲೆ ಕೂರಿಸಿ ಇಬ್ಬರೂ ನಿಂತು ನೀರು ಕೊಡುವುದು, ಯಾವೂರು, ಎಲ್ಲಿಗೆ ಹೊರಟಿರಿ ಎಂದು ಮಾತಾಡಿಸುವುದು. ಬಾಯಾರಿದವರಿಗೆ ಎರಡು ನಿಮಿಷ ತಡವಾದರೆ ನಷ್ಟವಿಲ್ಲ. ಕೆಟ್ಟದ್ದು ಮನಸ್ಸಿನಲ್ಲಿಟ್ಟು ಬಂದವರು ಇಬ್ಬರು ಹೆಂಗಸರು ಮುಖ ನೋಡಿ ಮಾತಾಡಿಸಿದ ಬೀದಿಯಲ್ಲಿ ನಿಲ್ಲಲು ಯೋಚಿಸುತ್ತಾರೆ. ನಮ್ಮ ಬೀದಿಯಲ್ಲಿ ಈಗ ಇದು ರೂಢಿಯಾಗಿದೆ.

ಹುಡುಗರಿಗೆ ಕಾನೂನು ಹೇಳಿಕೊಟ್ಟದ್ದೂ ಡೇರಿ ಮುಂದೆಯೇ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ಕಣ್ಣೆದುರೇ ಜಾಮೀನುರಹಿತ ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು. ಹಿಡಿದ ಮೇಲೆ ಅನವಶ್ಯಕ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅನುಮಾನದ ಮೇಲೆ ಹಿಡಿಯಲು ಅದರಲ್ಲಿ ಅವಕಾಶವಿಲ್ಲ, ಹೊಡೆಯಲಂತೂ ಇಲ್ಲವೇ ಇಲ್ಲ. ಸರಹದ್ದು ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು ಅದೇ ಸಂಹಿತೆಯ 173ನೇ ಕಲಂ ಹೇಳುತ್ತದೆ. ಜಿಲ್ಲೆಯ ಗಡಿಯಲ್ಲಿರುವ ನಮ್ಮಂಥವರಿಗೆ ಇದು ದೊಡ್ಡ ಬಲ. ಕುರಿ ಒಂದು ಜಿಲ್ಲೆಯಲ್ಲಿ ಕಳುವಾಗಿ ಇನ್ನೊಂದು ಜಿಲ್ಲೆಯ ಸಂತೆ ಸೇರುತ್ತದಲ್ಲ!

ಸಮಿತಿಯವರಿಗೆ ಗುರುತಿನ ಚೀಟಿ, ಜಾಕೆಟ್, ಲಾಠಿ ಕೊಡಿಸೋಣ ಎಂಬ ಮಾತು ಆಗಾಗ ಏಳುತ್ತದೆ. ನಾನು ಪ್ರತಿಸಲವೂ ಬೇಡವೆಂದೇ ಹೇಳಿದ್ದೇನೆ. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಿಂದ ಶುರುವಾದ ಫ್ರೆಂಡ್ಸ್ ಆಫ್ ಪೊಲೀಸ್ ಎಂಬ ಸ್ವಯಂಸೇವಕರ ಸಂಘ ಒಳ್ಳೆಯ ಉದ್ದೇಶದ್ದೇ ಆಗಿತ್ತು. 2020ರಲ್ಲಿ ಸಾತಾಂಕುಳಂ ಠಾಣೆಯಲ್ಲಿ ಹಿಂಸೆಗೆ ಸಿಕ್ಕಿ ತಂದೆ, ಮಗ ಸತ್ತಾಗ ಅದರ ಸ್ವಯಂಸೇವಕರ ಮೇಲೂ ಆರೋಪ ಬಂತು, ಸರ್ಕಾರ ಆ ಸಂಘವನ್ನು ನಿಷೇಧಿಸಿತು. ನೆರೆಮನೆಯವನ ಕೈಗೆ ಲಾಠಿ ಬಂದರೆ ಅವನು ನೆರೆಯವನಾಗಿ ಉಳಿಯುವುದು ಕಷ್ಟ. ನಮಗೆ ಬೇಕಿರುವುದು 112 ಎಂಬ ಮೂರು ಅಂಕಿ, ಬೀಟಿನವರ ನಂಬರು ಮತ್ತು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ಧೈರ್ಯ. ಫೋನಿನಲ್ಲಿ ದುಡ್ಡು ಹೋದರೆ 1930ಕ್ಕೆ ತಕ್ಷಣ ಹೇಳಬೇಕೆಂಬುದನ್ನೂ ಡೇರಿ ಗೋಡೆಯ ಮೇಲೆ ಬರೆಸಿದ್ದೇವೆ. ಹಾಲಿನ ಬಟವಾಡೆ ಬ್ಯಾಂಕಿಗೇ ಬೀಳುವುದರಿಂದ ಓಟಿಪಿ ಕೇಳುವ ಕರೆಗಳು ಹೆಂಗಸರಿಗೇ ಹೆಚ್ಚು ಬರುತ್ತಿವೆ. ಸರ ಕಳೆದುಕೊಂಡ ಅಜ್ಜಿಯಂತೆ ಮುಚ್ಚಿಟ್ಟುಕೊಂಡರೆ ಆ ದುಡ್ಡನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಹೊತ್ತು ಮೀರಿಹೋಗುತ್ತದೆ.

ಆಗದೇ ಉಳಿದ ಕೆಲಸಗಳೂ ಇವೆ. ಲೇಔಟು ಮಾಡಿದವರು ಸೈಟು ಮಾರಿ ಹೋಗಿದ್ದಾರೆ, ದೀಪದ ಹೊಣೆಯನ್ನು ಪಂಚಾಯ್ತಿ ಇನ್ನೂ ವಹಿಸಿಕೊಂಡಿಲ್ಲ, ಆ ಕಂಬಗಳ ಕೆಳಗೆ ಸಂಜೆ ಪಾಳಿಯ ಹೆಣ್ಣುಮಕ್ಕಳು ಬಸ್ಸಿಳಿದು ಮೊಬೈಲಿನ ಬೆಳಕಿನಲ್ಲಿ ನಡೆದುಬರುತ್ತಾರೆ. ಸುಟ್ಟ ತಾಮ್ರದ ತಂತಿ ತಂದವರ ಹೆಸರು, ಫೋನ್ ನಂಬರನ್ನು ಗುಜರಿ ಅಂಗಡಿಯವರು ಬರೆದಿಡಬೇಕೆಂಬ ನಮ್ಮ ಬೇಡಿಕೆಗೆ ಕೆಲವು ಅಂಗಡಿಯವರು ಒಪ್ಪಿದ್ದಾರೆ, ಕೆಲವರು ಒಪ್ಪಿಲ್ಲ. ಈ ಸಲದ ಗ್ರಾಮಸಭೆಗೆ ಕೊಡುವ ಅರ್ಜಿಯಲ್ಲಿ ಈ ಎರಡನ್ನೇ ಬರೆದಿದ್ದೇವೆ. ಸಹಿ ಹಾಕಿದವರಲ್ಲಿ ಕೋಳಿ ಫಾರಂ ಶೆಡ್ಡಿನ ಹೆಂಗಸರೂ ಇದ್ದಾರೆ.