ಸೌಂದರ್ಯದ ಚುಚ್ಚುಮದ್ದು: ಬಾವು ಮತ್ತು ನೀಲಿ ಕಲೆಗಳ ಆರೈಕೆ



ಹಣೆಯ ಸುಕ್ಕನ್ನು ಇಳಿಸಲು, ಗುಳಿಬಿದ್ದ ಕೆನ್ನೆಯನ್ನು ತುಂಬಲು, ತುಟಿಯ ಆಕಾರವನ್ನು ತಿದ್ದಲು ಚುಚ್ಚುಮದ್ದು ಹಾಕಿಸಿಕೊಳ್ಳುವುದು ಇಂದು ಚಿತ್ರನಟರಿಗಷ್ಟೇ ಸೀಮಿತವಾಗಿಲ್ಲ. ತಳಕಲ್ಲಿನಲ್ಲಿ ರೈಲು ಹತ್ತಿ ಗದಗ ದಾಟಿದರೆ ಹುಬ್ಬಳ್ಳಿ. ಈ ಚಿಕಿತ್ಸೆ ಅಲ್ಲಿಯೇ ದೊರೆಯುತ್ತದೆ. ಮಾಡಿಸಿಕೊಳ್ಳಬೇಕೇ ಬೇಡವೇ ಎಂಬುದು ಅವರವರ ವಿವೇಚನೆಗೆ ಬಿಟ್ಟದ್ದು. ಮಾಡಿಸಿಕೊಂಡು ಊರಿಗೆ ಮರಳಿದ ಮೇಲೆ ಮನೆಯಲ್ಲಿ ಯಾವ ಆರೈಕೆ ಹಿತ, ಯಾವುದು ಅಹಿತ ಎಂಬುದನ್ನಷ್ಟೇ ನಾವು ಇಲ್ಲಿ ವಿಚಾರಿಸೋಣ.

ಬಾವು, ಕಲೆ ಏಕೆ?

ಈ ಚುಚ್ಚುಮದ್ದುಗಳಲ್ಲಿ ಮುಖ್ಯವಾದವು ಎರಡು. ಬೊಟಾಕ್ಸ್ ಸ್ನಾಯುವನ್ನು ಸಡಿಲಿಸಿ ಸುಕ್ಕನ್ನು ಇಳಿಸುತ್ತದೆ. ಫಿಲ್ಲರ್ ಎಂಬುದು ಚರ್ಮದಡಿ ತುಂಬುವ ಲೋಳೆಯಂಥ ದ್ರವ್ಯ. ಎರಡರಲ್ಲಿಯೂ ಸೂಜಿಯು ಸೂಕ್ಷ್ಮ ರಕ್ತನಾಳಕ್ಕೆ ತಾಗಿದರೆ ರಕ್ತ ಚರ್ಮದಡಿ ಹರಡಿ ನೀಲಿಗಟ್ಟುತ್ತದೆ. ಆ ಕಲೆ ಕ್ರಮೇಣ ಹಸಿರಾಗಿ, ಹಳದಿಯಾಗಿ, ಒಂದೆರಡು ವಾರಗಳಲ್ಲಿ ಮಾಯವಾಗುತ್ತದೆ. ಫಿಲ್ಲರ್ ಹಾಕಿದಾಗ, ವಿಶೇಷವಾಗಿ ತುಟಿಯಲ್ಲಿ, ಮೊದಲ ಎರಡು ದಿನ ಬಾವು ಹೆಚ್ಚಾಗಿದ್ದು ನಂತರ ಇಳಿಯುತ್ತದೆ. ಆದುದರಿಂದ ಮದುವೆಗೆ ಎರಡು ದಿನ ಇರುವಾಗ ಇದನ್ನು ಮಾಡಿಸುವುದು ಸಲ್ಲದು. ಕನಿಷ್ಠ ಮೂರು ನಾಲ್ಕು ವಾರಗಳ ಅಂತರವಿರಲಿ.

ಹಿತವಾದ ಆರೈಕೆ

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 2ನೆಯ ಅಧ್ಯಾಯವು ಸದ್ಯೋವ್ರಣ, ಅಂದರೆ ಆಗತಾನೆ ಆದ ಗಾಯವನ್ನು ಕುರಿತದ್ದು. ಅಲ್ಲಿ ಹೇಳಿದ ಆರು ಬಗೆಗಳಲ್ಲಿ ಚೂಪಾದ ವಸ್ತುವಿನಿಂದ ಚುಚ್ಚಿದ ‘ವಿದ್ಧ’ವೂ ಒಂದು. ಹೊಸ ಗಾಯದ ಉರಿ, ಬಿಸಿಗಳಿಗೆ ತಂಪಾದ ಉಪಚಾರವನ್ನು ಆ ಅಧ್ಯಾಯ ವಿಧಿಸುತ್ತದೆ. ಆಧುನಿಕ ವೈದ್ಯವೂ ಇದನ್ನೇ ಹೇಳುತ್ತದೆ.

• ಮಂಜುಗಡ್ಡೆಯನ್ನು ಸ್ವಚ್ಛವಾದ ಬಟ್ಟೆಯಲ್ಲಿ ಸುತ್ತಿ, ಒತ್ತದೆ, ಹತ್ತು ನಿಮಿಷ ಇಡಬೇಕು. ದಿನಕ್ಕೆ ನಾಲ್ಕೈದು ಬಾರಿಯಂತೆ ಎರಡು ದಿನ ಸಾಕು. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ತಾಗಿಸಬಾರದು.
• ರಾತ್ರಿ ಎರಡು ದಿಂಬುಗಳನ್ನಿಟ್ಟು ತಲೆ ಎತ್ತರಿಸಿ, ಅಂಗಾತ ಮಲಗಬೇಕು.
• ಬಿಸಿಲಿನಲ್ಲಿ ಹೊಲದ ಕೆಲಸ, ಭಾರ ಎತ್ತುವುದು, ಒಲೆಯ ಮುಂದೆ ಬಹುಹೊತ್ತು ಕೂಡುವುದು ಒಂದೆರಡು ದಿನ ಬೇಡ.
• ನೋವಿದ್ದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಆಸ್ಪಿರಿನ್, ಐಬುಪ್ರೊಫೆನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಕಲೆ ಹೆಚ್ಚುತ್ತದೆ. ಆದರೆ ಹೃದಯದ ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ತಾವಾಗಿಯೇ ನಿಲ್ಲಿಸಬಾರದು. ಮೀನೆಣ್ಣೆ, ಬೆಳ್ಳುಳ್ಳಿಯ ಮಾತ್ರೆ ನುಂಗುವವರು ಅದನ್ನು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಅಡುಗೆಯ ಬೆಳ್ಳುಳ್ಳಿಯಿಂದ ಬಾಧೆಯಿಲ್ಲ.

ಅಹಿತವಾದದ್ದು

ಉಳುಕಿಗೆ, ಪೆಟ್ಟಿಗೆ ಅರಿಶಿನ ಸುಣ್ಣ ಕಲಸಿ ಹಚ್ಚುವುದು ನಮ್ಮ ಸೀಮೆಯ ರೂಢಿ. ಇದನ್ನು ಮುಖದ ಚುಚ್ಚುಗಾಯಕ್ಕೆ ಎಂದಿಗೂ ಹಚ್ಚಬಾರದು. ಸುಣ್ಣ ಚರ್ಮವನ್ನು ಸುಡುತ್ತದೆ, ಸೂಜಿಯ ರಂಧ್ರದ ಮೂಲಕ ನಂಜು ಒಳಸೇರುತ್ತದೆ. ಬಿಸಿ ಶಾಖ, ಹಬೆ, ಎಣ್ಣೆಯ ಅಭ್ಯಂಗ ಇವು ಬೇರೆ ಸಂದರ್ಭದಲ್ಲಿ ಒಳ್ಳೆಯವು. ಇಲ್ಲಿ ಮೊದಲ ದಿನಗಳಲ್ಲಿ ಬಾವನ್ನು ಹೆಚ್ಚಿಸುತ್ತವೆ. ಬೊಟಾಕ್ಸ್ ಹಾಕಿದ ಜಾಗವನ್ನು ತಿಕ್ಕಿದರೆ ಮದ್ದು ಪಕ್ಕದ ಸ್ನಾಯುವಿಗೆ ಹರಡಿ ಕಣ್ಣಿನ ರೆಪ್ಪೆ ಜೋತುಬೀಳಬಹುದು.

ಭಕ್ತರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹಣೆಗೆ ಚುಚ್ಚಿಸಿಕೊಂಡ ದಿನ ಸೂಜಿಯ ಗುರುತಿನ ಮೇಲೆ ವಿಭೂತಿ, ಕುಂಕುಮ ಹಚ್ಚುವುದು ಬೇಡ; ಮರುದಿನ ಒತ್ತದೆ ಹಗುರವಾಗಿ ಧರಿಸಬಹುದು. ಆ ದಿನ ದೀರ್ಘದಂಡ ನಮಸ್ಕಾರವನ್ನು ಬಿಟ್ಟು, ಕುಳಿತು ಕೈಮುಗಿದರೆ ಸಾಕು.

ಇದು ಬರಿಯ ಕಲೆಯಲ್ಲ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಫಿಲ್ಲರ್ ರಕ್ತನಾಳದ ಒಳಗೆ ಸೇರಿದರೆ ಅಥವಾ ಅದನ್ನು ಒತ್ತಿದರೆ ಆ ಭಾಗಕ್ಕೆ ರಕ್ತ ನಿಲ್ಲುತ್ತದೆ. ಆಗ ಚರ್ಮ ಬಿಳಿಚಿಕೊಳ್ಳುತ್ತದೆ, ನಂತರ ಬಲೆಯಂತೆ ನೇರಳೆ ಗೆರೆಗಳು ಮೂಡುತ್ತವೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಬೇಗ ಮರಳುವುದಿಲ್ಲ. ನೋವು ಹೆಚ್ಚುತ್ತಾ ಹೋಗುತ್ತದೆ. ಫಿಲ್ಲರಿನೊಡನೆ ಮರಗಟ್ಟಿಸುವ ಔಷಧ ಬೆರೆತಿದ್ದರೆ ನೋವು ತಿಳಿಯದೆಯೂ ಇರಬಹುದು. ಇದು ಮನೆಮದ್ದಿನ ವೇಳೆಯಲ್ಲ, ಬೆಳಗಿನವರೆಗೆ ಕಾಯುವ ವೇಳೆಯೂ ಅಲ್ಲ. ಹಯಲುರಾನಿಕ್ ಆಮ್ಲದ ಫಿಲ್ಲರನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಮದ್ದಿದೆ. ಅದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಚರ್ಮ ಉಳಿಯುತ್ತದೆ. ದೃಷ್ಟಿ ಮಂದವಾದರೆ, ಮಾತು ತೊದಲಿದರೆ, ಉಸಿರಾಟಕ್ಕೆ ಅಡಚಣೆಯಾದರೆ ಒಡನೆ 108ಕ್ಕೆ ಕರೆ ಮಾಡಬೇಕು.

ಮೂರನೆಯ ದಿನದ ನಂತರ ಬಾವು ಇಳಿಯದೆ ಏರಿದರೆ, ಕೆಂಪು, ಬಿಸಿ, ಕೀವು, ಜ್ವರ ಕಂಡರೆ ಅದು ಸೋಂಕಿನ ಲಕ್ಷಣ. 2022ರಲ್ಲಿ ಬೆಂಗಳೂರಿನಲ್ಲಿ ಹಲ್ಲಿನ ರೂಟ್ ಕೆನಾಲ್ ಚಿಕಿತ್ಸೆಯ ನಂತರ ಕನ್ನಡದ ನಟಿಯೊಬ್ಬರ ಮುಖ ವಾರಗಟ್ಟಲೆ ಊದಿಕೊಂಡಿದ್ದ ಸುದ್ದಿಯನ್ನು ಹಲವರು ಓದಿರಬಹುದು. ಯಾವ ಚಿಕಿತ್ಸೆಯೇ ಆಗಲಿ, ಹೇಳಿದ ಅವಧಿಯಲ್ಲಿ ಇಳಿಯದ ಬಾವನ್ನು ಮತ್ತೆ ತೋರಿಸಲೇಬೇಕು.

ಹೊರಡುವ ಮುನ್ನ

ಬ್ಯೂಟಿ ಪಾರ್ಲರುಗಳಲ್ಲಿ ಈ ಚುಚ್ಚುಮದ್ದು ಹಾಕಿಸಿಕೊಳ್ಳಬಾರದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ನೋಂದಣಿಯಾದ ಚಿಕಿತ್ಸಾಲಯವೇ ಎಂದು ನೋಡಬೇಕು. ಹಾಕಿದ ಮದ್ದಿನ ಹೆಸರನ್ನು ಬರೆಸಿಕೊಳ್ಳಬೇಕು, ರಾತ್ರಿಯೂ ದೊರೆಯುವ ದೂರವಾಣಿ ಸಂಖ್ಯೆಯನ್ನು ಪಡೆಯಬೇಕು. ಕರಗಿಸುವ ಮದ್ದು ಅವರಲ್ಲಿದೆಯೇ ಎಂದು ಕೇಳಲು ಸಂಕೋಚ ಬೇಡ. ಫಿಲ್ಲರ್ ಹಾಕಿಸಿಕೊಂಡವರು ಅಂದೇ ಊರಿಗೆ ಮರಳದೆ, ಆ ರಾತ್ರಿ ಅದೇ ನಗರದ ಬಂಧುಗಳ ಮನೆಯಲ್ಲಿ ತಂಗುವುದು ಲೇಸು.

ಸಾಮಾನ್ಯ ಕಲೆಗೆ ತಂಪು ಮತ್ತು ತಾಳ್ಮೆಯೇ ಮದ್ದು. ಬಿಳಿಚಿದ ಚರ್ಮಕ್ಕೆ ತ್ವರೆಯೇ ಮದ್ದು. ಈ ಭೇದವನ್ನು ಮನೆಯ ಹಿರಿಯರೂ ತಿಳಿದಿರಲಿ ಎಂಬುದು ನಮ್ಮ ವಿನಂತಿ.